ಕಣ್ಣು ಕುಕ್ಕದ ಟಾರ್ಚ್ ಹುಡುಕುವುದು ಹೇಗೆ?

ಟಾರ್ಚ್ ಕೊಳ್ಳಲು ಹೋದರೆ ಎಲ್ಲರೂ ಹೇಳುವುದು ಒಂದೇ ಲೆಕ್ಕ. ಸಾವಿರ ಲ್ಯೂಮೆನ್ (ಬೆಳಕಿನ ಅಳತೆ), ಎರಡು ಸಾವಿರ ಲ್ಯೂಮೆನ್, ಅರ್ಧ ಕಿಲೋಮೀಟರ್ ದೂರ ಬೀಳುವ ಬೆಳಕು. ಇದರ ಅತಿ ಕಡಿಮೆ ಬೆಳಕು ಎಷ್ಟು ಅಂತ ಕೇಳಿ ನೋಡಿ, ಮಾರುವವರು ನಿಮ್ಮ ಮುಖವನ್ನೇ ನೋಡುತ್ತಾರೆ. ಡಬ್ಬದ ಮೇಲೂ ಅದು ಇರುವುದು ಅಪರೂಪ. ಆದರೆ ರಾತ್ರಿ ನಕ್ಷತ್ರ ನೋಡಲು ಕೂತವರಿಗೆ, ಮಲಗಿದ ಮಗು ಏಳದ ಹಾಗೆ ಔಷಧಿ ಶೀಶೆ ಹುಡುಕುವವರಿಗೆ, ಟೆಂಟಿನಲ್ಲಿ ಮಧ್ಯರಾತ್ರಿ ಚಪ್ಪಲಿಗಾಗಿ ತಡಕಾಡುವವರಿಗೆ ಬೇಕಾದ ಲೆಕ್ಕ ಅದೇ.

ನಾನು ಇದರ ಹಿಂದೆ ಬಿದ್ದದ್ದು ನನ್ನ ಮೇಲೆ ನನಗೇ ಬಂದ ಸಿಟ್ಟಿನಿಂದ. ಕತ್ತಲಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ, ಕಣ್ಣು ಚೆನ್ನಾಗಿ ಹೊಂದಿಕೊಂಡಿತ್ತು, ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೆ ಮಸುಕು ಮಚ್ಚೆಯ ಹಾಗೆ ಕಾಣತೊಡಗಿತ್ತು. ನಕ್ಷೆ ನೋಡೋಣ ಅಂತ ಟಾರ್ಚ್ ಒತ್ತಿದೆ. ಕಡಿಮೆ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತದೆ ಅಂದುಕೊಂಡಿದ್ದೆ, ಅದು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಂಡಿತು. ಆರಿಸಿ ತಲೆ ಎತ್ತಿದರೆ ಆಕಾಶದಲ್ಲಿ ಒಂದು ನೇರಳೆ ಮಚ್ಚೆ ತೇಲುತ್ತಿತ್ತು, ಆ ಗ್ಯಾಲಕ್ಸಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಮತ್ತೆ ಅರ್ಧ ಗಂಟೆ ಸುಮ್ನೆ ಕೂರಬೇಕಾಯಿತು.

ಯಾಕೆ ಅರ್ಧ ಗಂಟೆ ಅನ್ನುವುದು ಗೊತ್ತಾದರೆ ಎಂಥ ಟಾರ್ಚ್ ಬೇಕು ಅನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಕಣ್ಣಿನ ವಿಷಯ.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಬಗೆ. ಶಾಲೆಯಲ್ಲಿ ಶಂಕು, ದಂಡ ಅಂತ ಓದಿರುತ್ತೀರಿ. ಇಲ್ಲಿ ಕೋನ್, ರಾಡ್ ಅಂತಲೇ ಕರೆಯೋಣ. ಕೋನ್‌ಗಳು ಹಗಲಿನವು, ಬಣ್ಣ ಮತ್ತು ಸೂಕ್ಷ್ಮ ವಿವರ ನೋಡುವುದು ಅವುಗಳ ಕೆಲಸ, ಸಂಖ್ಯೆ ಸುಮಾರು 50-60 ಲಕ್ಷ. ರಾಡ್‌ಗಳು ಇರುಳಿನವು. ಬಣ್ಣ ತಿಳಿಯುವುದಿಲ್ಲ, ಸಣ್ಣ ಅಕ್ಷರ ಓದಲು ಆಗುವುದಿಲ್ಲ, ಆದರೆ ಸಂಖ್ಯೆ ಹತ್ತು ಕೋಟಿಯ ಆಸುಪಾಸು, ಮತ್ತು ಬೆಳಕಿನ ಒಂದೇ ಒಂದು ಕಣ, ಅಂದರೆ ಒಂದು ಫೋಟಾನ್ ಬಿದ್ದರೂ ಒಂದು ರಾಡ್ ಅದಕ್ಕೆ ಸ್ಪಂದಿಸಬಲ್ಲದು. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ಮಾಡಿದ ಪ್ರಯೋಗದಲ್ಲಿ ಐದರಿಂದ ಹದಿನಾಲ್ಕು ಫೋಟಾನ್‌ಗಳನ್ನು ರಾಡ್‌ಗಳು ಹೀರಿಕೊಂಡರೆ ಸಾಕು, ಮನುಷ್ಯನಿಗೆ "ಏನೋ ಮಿನುಗಿತು" ಅಂತ ಅನ್ನಿಸುತ್ತದೆ ಅಂತ ಗೊತ್ತಾಯಿತು. ಇಷ್ಟು ಸೂಕ್ಷ್ಮವಾದ ಯಂತ್ರಕ್ಕೆ ನಾವು ಸಾವಿರ ಲ್ಯೂಮೆನ್ ಹೊಡೆಯುತ್ತೇವೆ.

ರಾಡ್‌ನ ಒಳಗೆ ರೊಡಾಪ್ಸಿನ್ ಅನ್ನುವ ವಸ್ತು ಇದೆ. ಬೆಳಕು ಬಿದ್ದಾಗ ಅದರ ಆಕಾರ ಬದಲಾಗುತ್ತದೆ, ಆ ಬದಲಾವಣೆಯೇ ಮಿದುಳಿಗೆ ಹೋಗುವ ಸುದ್ದಿಯ ಶುರು. ಒಮ್ಮೆ ಹೀಗೆ ಬದಲಾದ ಅಣು ಬಣ್ಣ ಕಳೆದುಕೊಂಡು ಸದ್ಯಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ. ಮತ್ತೆ ಅದನ್ನು ಸಿದ್ಧ ಮಾಡಲು ಸಮಯ ಬೇಕು, ವಿಟಮಿನ್ ಎ ಬೇಕು. ವಿಟಮಿನ್ ಎ ತೀರ ಕಡಿಮೆಯಾದವರಿಗೆ ಇರುಳುಗಣ್ಣು ಬರುವುದು ಇದರಿಂದಲೇ. ಜೋರು ಬೆಳಕಿನಿಂದ ಕತ್ತಲಿಗೆ ಬಂದಾಗ ಕೋನ್‌ಗಳು ಐದರಿಂದ ಹತ್ತು ನಿಮಿಷದಲ್ಲಿ ತಮ್ಮ ಮಿತಿ ಮುಟ್ಟುತ್ತವೆ, ರಾಡ್‌ಗಳು ಪೂರ್ತಿ ತಯಾರಾಗಲು 30-40 ನಿಮಿಷ ಹಿಡಿಯುತ್ತದೆ.

ಪಾಪೆ ದೊಡ್ಡದಾಗುವುದೇ ಕತ್ತಲಿಗೆ ಹೊಂದಿಕೊಳ್ಳುವುದು ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಈ ಕತೆಯ ಒಂದು ಚೂರು ಮಾತ್ರ. ಪಾಪೆ 2 ಮಿಲಿಮೀಟರ್‌ನಿಂದ 7-8 ಮಿಲಿಮೀಟರ್‌ಗೆ ಹಿಗ್ಗಿದರೆ ಒಳಬರುವ ಬೆಳಕು ಹತ್ತು-ಹದಿನೈದು ಪಟ್ಟು ಹೆಚ್ಚುತ್ತದೆ, ಅದೂ ಕೆಲವೇ ಸೆಕೆಂಡುಗಳಲ್ಲಿ ಮುಗಿದು ಹೋಗುತ್ತದೆ. ವಯಸ್ಸಾದ ಮೇಲೆ ಅಷ್ಟು ಹಿಗ್ಗುವುದೂ ಇಲ್ಲ. ಕತ್ತಲಲ್ಲಿ ಕೂತ ಕಣ್ಣು ಸಾವಿರಾರು ಪಟ್ಟು ಚುರುಕಾಗುವುದು ರೆಟಿನಾದ ಕೆಲಸದಿಂದ, ಮುಖ್ಯವಾಗಿ ಆ ನಿಧಾನದ ರಸಾಯನದಿಂದ. ಟಾರ್ಚ್ ಹಾಳು ಮಾಡುವುದು ಅದನ್ನೇ. ಎಷ್ಟು ಹಾಳಾಗುತ್ತದೆ ಅನ್ನುವುದು ಬೆಳಕು ಎಷ್ಟು ಜೋರು, ಎಷ್ಟು ಹೊತ್ತು ಬಿತ್ತು ಎಂಬ ಎರಡರ ಮೇಲೂ ನಿಂತಿದೆ. ಮಂದ ಬೆಳಕನ್ನು ನಾಲ್ಕು ಸೆಕೆಂಡ್ ಹಾಕಿದರೆ ಕಣ್ಣು ಬೇಗ ಚೇತರಿಸಿಕೊಳ್ಳುತ್ತದೆ. ಜೋರು ಬೆಳಕು ಬಿಳಿ ಕಾಗದದಿಂದ ಪುಟಿದು ಬಂದರೆ ನನಗಾದ ಗತಿಯೇ.

ಈಗ ಕೆಂಪು ಬೆಳಕಿನ ವಿಷಯ, ಯಾಕೆಂದರೆ "ರಾತ್ರಿ ದೃಷ್ಟಿ" ಅಂದ ತಕ್ಷಣ ಎಲ್ಲರೂ ಕೆಂಪು ಟಾರ್ಚ್ ತಗೊಳ್ಳಿ ಅನ್ನುತ್ತಾರೆ. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ.

ಯಾನ್ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ 1819ರ ಸುಮಾರಿಗೆ ಒಂದು ವಿಚಿತ್ರ ಗಮನಿಸಿದ. ಹಗಲಲ್ಲಿ ಎದ್ದು ಕಾಣುವ ಕೆಂಪು ಹೂವು ಬೆಳಗಿನ ಜಾವದ ಮಬ್ಬಿನಲ್ಲಿ ಹೆಚ್ಚು ಕಡಿಮೆ ಕಪ್ಪಾಗಿ ಕಾಣುತ್ತದೆ, ಅದರ ಪಕ್ಕದ ಹಸಿರೆಲೆಯೇ ಹೂವಿಗಿಂತ ಬೆಳ್ಳಗೆ ಕಾಣುತ್ತದೆ. ಕಾರಣ ಇಷ್ಟೇ: ಹಗಲು ಕಣ್ಣು ಹಸಿರು-ಹಳದಿಗೆ, ಅಂದರೆ 555 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತಲ ಬೆಳಕಿಗೆ ಹೆಚ್ಚು ಚುರುಕು. ಕತ್ತಲಲ್ಲಿ ರಾಡ್‌ಗಳು ಅಧಿಕಾರ ವಹಿಸಿಕೊಂಡಾಗ ಆ ಚುರುಕು 507 ನ್ಯಾನೋಮೀಟರ್ ಕಡೆಗೆ, ನೀಲಿ-ಹಸಿರಿನ ಕಡೆಗೆ ಸರಿಯುತ್ತದೆ. ಕೆಂಪಿಗೆ ರಾಡ್‌ಗಳು ಬಹುಮಟ್ಟಿಗೆ ಕುರುಡು. ಕೋನ್‌ಗಳಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಕೆಂಪು ಬೆಳಕಿನಲ್ಲಿ ಕೋನ್‌ಗಳಿಂದ ಓದಿಕೊಳ್ಳಬಹುದು, ರಾಡ್‌ಗಳನ್ನು ಮಲಗಲು ಬಿಡಬಹುದು. 1916ರಲ್ಲಿ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ ಎಕ್ಸ್-ರೇ ವೈದ್ಯರಿಗಾಗಿ ಕೆಂಪು ಕನ್ನಡಕ ಮಾಡಿದ್ದು ಇದೇ ಉಪಾಯದ ಮೇಲೆ. ಆಗಿನ ಎಕ್ಸ್-ರೇ ಪರದೆ ಎಷ್ಟು ಮಂಕು ಅಂದರೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಲ್ಲದೆ ಅದನ್ನು ನೋಡಲಾಗುತ್ತಿರಲಿಲ್ಲ. ಕೆಂಪು ಕನ್ನಡಕ ಹಾಕಿಕೊಂಡರೆ ವೈದ್ಯರು ಬೆಳಕಿರುವ ಕೋಣೆಯಲ್ಲಿ ಓಡಾಡುತ್ತಲೇ ಕಣ್ಣನ್ನು ತಯಾರು ಮಾಡಿಕೊಳ್ಳಬಹುದಿತ್ತು.

ಲೆಕ್ಕದಲ್ಲಿ ಹೇಳಬೇಕೆಂದರೆ, ಕಣ್ಣಿಗೆ ಓದಲು ಒಂದೇ ಸಮ ಅನ್ನಿಸುವ ಎರಡು ಬೆಳಕು ತಗೊಳ್ಳಿ. ಒಂದು ನೀಲಿ ಛಾಯೆಯ ಬಿಳಿ ಎಲ್‌ಇಡಿ, ಇನ್ನೊಂದು 630 ನ್ಯಾನೋಮೀಟರ್‌ನ ಕೆಂಪು. ಬಿಳಿ ಬೆಳಕು ರಾಡ್‌ಗಳನ್ನು ಕೆಂಪಿಗಿಂತ ಐವತ್ತು ಪಟ್ಟಿಗೂ ಜಾಸ್ತಿ ತಟ್ಟುತ್ತದೆ. 660 ನ್ಯಾನೋಮೀಟರ್‌ನ ಗಾಢ ಕೆಂಪಾದರೆ ಅಂತರ ಇನ್ನೂ ದೊಡ್ಡದು. ಮಾಮೂಲಿ ಕೆಂಪು ಎಲ್‌ಇಡಿಗಳು 620-630ರ ಸುತ್ತ ಇರುತ್ತವೆ. ಅಂಬರ್, ಅಂದರೆ ಹಳದಿ-ಕಿತ್ತಳೆ ಬಣ್ಣದ್ದು, ಬಿಳಿಗೂ ಕೆಂಪಿಗೂ ನಡುವಿನದು.

ಹಾಗಿದ್ದರೆ ಕೆಂಪೇ ಸಾಕಲ್ವಾ? ಸಾಲದು. ಐವತ್ತು ಪಟ್ಟು ಲಾಭವನ್ನು ಐವತ್ತು ಪಟ್ಟು ಜೋರಾದ ಬೆಳಕು ಹಾಕಿ ಕಳೆದುಕೊಳ್ಳುವುದು ಬಹಳ ಸುಲಭ. ತಲೆಗೆ ಕಟ್ಟುವ ಎಷ್ಟೋ ಲೈಟುಗಳಲ್ಲಿ ಕೆಂಪು ದೀಪ ಇರುತ್ತದೆ, ಅದನ್ನು ಹಾಕಿದರೆ ಇಡೀ ಟೆಂಟು ಕೆಂಪು ಕೆಂಪಾಗಿ ಬೆಳಗುತ್ತದೆ. ಅದು ರಾತ್ರಿ ದೃಷ್ಟಿಗೆ ಮಾಡಿದ್ದಲ್ಲ, ಡಬ್ಬದ ಮೇಲೆ ಒಂದು ಸಾಲು ಹೆಚ್ಚು ಬರೆಯಲು ಮಾಡಿದ್ದು ಅನ್ನುವುದು ನನ್ನ ಅನುಮಾನ. ಕೆಲವದರಲ್ಲಂತೂ ಕೆಂಪಿಗೆ ಹೋಗಬೇಕಾದರೆ ಮೊದಲು ಬಿಳಿಯ ಮೂರೂ ಹಂತ ದಾಟಬೇಕು! ಅಷ್ಟರಲ್ಲಿ ಉಳಿಸಲು ಏನೂ ಉಳಿದಿರುವುದಿಲ್ಲ.

ಕೆಂಪಿಗೆ ಬೇರೆ ತೊಂದರೆಗಳೂ ಇವೆ. ಬಿಳಿ ಕಾಗದದ ಮೇಲಿನ ಕೆಂಪು ಗೆರೆ ಕೆಂಪು ಬೆಳಕಿನಲ್ಲಿ ಮಾಯವಾಗುತ್ತದೆ, ಭೂನಕ್ಷೆಯ ಕಂದು ಗೆರೆಗಳೂ ಕಾಣದಂತಾಗುತ್ತವೆ. ಚರ್ಮದ ಮೇಲಿನ ರಕ್ತ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಗಾಯ ನೋಡಲು ಕೆಂಪು ಟಾರ್ಚ್ ನಂಬಬೇಡಿ. ಮಾತ್ರೆಯ ಬಣ್ಣ ನೋಡಿ ಗುರುತಿಸುವವರಿಗೂ ಇದು ಅಪಾಯ. ಇನ್ನೊಂದು, ನಲವತ್ತು ದಾಟಿದವರಿಗೆ ಕೆಂಪಿನಲ್ಲಿ ಓದುವುದು ಇನ್ನೂ ಕಷ್ಟ. ನಮ್ಮ ಕಣ್ಣಿನ ಮಸೂರ ಕೆಂಪನ್ನು ಉಳಿದ ಬಣ್ಣಗಳಿಗಿಂತ ಸ್ವಲ್ಪ ಹಿಂದೆ ಕೇಂದ್ರೀಕರಿಸುತ್ತದೆ, ಹತ್ತಿರದ್ದನ್ನು ಓದಲು ಅದು ಇನ್ನಷ್ಟು ಬಾಗಬೇಕು, ಆ ವಯಸ್ಸಿಗೆ ಅದು ಬಾಗುವುದನ್ನು ಮರೆತಿರುತ್ತದೆ. ಅಕ್ಷರ ಮಸುಕಾಗಿದೆ ಅಂತ ಬೆಳಕು ಜಾಸ್ತಿ ಮಾಡುತ್ತೀರಿ, ಅಲ್ಲಿಗೆ ಕೆಂಪಿನ ಲಾಭ ಹೋಯಿತು.

ನಾನು ಕೊನೆಗೆ ಬಂದು ನಿಂತದ್ದು ಇಲ್ಲಿ: ಬಣ್ಣ ಎರಡನೆಯ ಮಾತು, ಮಂದವಾಗಿರುವುದು ಮೊದಲನೆಯದು. ಬಣ್ಣ ಗುರುತಿಸುವ ಕೆಲಸ ಇದ್ದರೆ ತೀರ ಮಂದವಾದ, ಬೆಚ್ಚನೆಯ ಛಾಯೆಯ ಬಿಳಿ ಬೆಳಕು ಜೋರು ಕೆಂಪಿಗಿಂತ ಮೇಲು. ಬರೀ ಓದುವುದು, ದಾರಿ ನೋಡುವುದು ಇದ್ದರೆ ಮಂದವಾದ ಕೆಂಪು ಎಲ್ಲಕ್ಕಿಂತ ಮೇಲು. ಜೋರು ಕೆಂಪು ಯಾರಿಗೂ ಬೇಡ.

ಮಂದ ಅಂದರೆ ಎಷ್ಟು ಮಂದ? ಇದಕ್ಕೆ ಲ್ಯೂಮೆನ್ ಮತ್ತು ಲಕ್ಸ್ ಬೇರೆ ಬೇರೆ ಅಂತ ತಿಳಿದಿರಬೇಕು. ಟಾರ್ಚಿನಿಂದ ಹೊರಟ ಒಟ್ಟು ಬೆಳಕು ಲ್ಯೂಮೆನ್. ಅದು ಎಷ್ಟು ಜಾಗದ ಮೇಲೆ ಹರಡಿತು ಅನ್ನುವುದು ಸೇರಿದರೆ ಲಕ್ಸ್. ಒಂದು ಲ್ಯೂಮೆನ್ ಒಂದು ಚದರ ಮೀಟರ್ ಮೇಲೆ ಹರಡಿದರೆ ಒಂದು ಲಕ್ಸ್. ನೆತ್ತಿಯ ಮೇಲಿನ ಹುಣ್ಣಿಮೆ ಚಂದ್ರ ನೆಲಕ್ಕೆ ಕೊಡುವುದು ಹೆಚ್ಚೆಂದರೆ 0.3 ಲಕ್ಸ್, ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500.

ಈಗ ಒಂದು ಎ4 ಹಾಳೆ ತಗೊಳ್ಳಿ, ಅದರ ವಿಸ್ತೀರ್ಣ ಸುಮಾರು 0.06 ಚದರ ಮೀಟರ್. ಟಾರ್ಚಿನ ಬೆಳಕೆಲ್ಲ ಅದರ ಮೇಲೇ ಬಿತ್ತು ಅನ್ನೋಣ. ಫೋನಿನ ಟಾರ್ಚ್ 40 ಲ್ಯೂಮೆನ್ ಕೊಡುತ್ತದೆ ಅಂದುಕೊಂಡರೆ ಹಾಳೆಯ ಮೇಲೆ 600 ಲಕ್ಸ್ ದಾಟುತ್ತದೆ, ಅಂದರೆ ಕತ್ತಲಲ್ಲಿ ಕೂತವರ ಮುಂದೆ ಒಂದು ಕಚೇರಿಯನ್ನೇ ತೆರೆದ ಹಾಗೆ. ಅನೇಕ ಟಾರ್ಚುಗಳ "ಲೋ" 10-20 ಲ್ಯೂಮೆನ್ ಇರುತ್ತದೆ. ಅದೂ ನೂರಾರು ಲಕ್ಸ್. ಅದೇ 0.1 ಲ್ಯೂಮೆನ್ ಆದರೆ ಹಾಳೆಯ ಮೇಲೆ ಒಂದೂವರೆ ಲಕ್ಸ್‌ನಷ್ಟು, ಹುಣ್ಣಿಮೆಯ ಐದಾರು ಪಟ್ಟು, ಹೊಂದಿಕೊಂಡ ಕಣ್ಣಿಗೆ ಆರಾಮವಾಗಿ ಓದಲು ಸಾಕು. 0.01 ಲ್ಯೂಮೆನ್ ಆದರೆ ಹೆಚ್ಚು ಕಡಿಮೆ ಬೆಳದಿಂಗಳು. ಹೋಲಿಕೆಗೆ, ಒಂದು ಮೇಣದಬತ್ತಿ ಸುಮಾರು 12 ಲ್ಯೂಮೆನ್. ಹಾಗಾಗಿ ನೀವು ಹುಡುಕಬೇಕಾದದ್ದು ಮೇಣದಬತ್ತಿಗಿಂತ ನೂರು ಪಟ್ಟು ಮಂಕಾದ ಟಾರ್ಚ್. ಹಗಲಲ್ಲಿ ಹಚ್ಚಿದರೆ ಹೊತ್ತಿಕೊಂಡಿದೆಯೋ ಇಲ್ಲವೋ ಅಂತ ಬಲ್ಬಿನೊಳಗೆ ಇಣುಕಬೇಕು, ಅಂಥದ್ದು.

ಇಂಥ ಮಟ್ಟಕ್ಕೆ ಟಾರ್ಚ್ ಹುಚ್ಚಿನವರು ಇಟ್ಟ ಹೆಸರು ಮೂನ್‌ಲೈಟ್ ಅಥವಾ ಫೈರ್‌ಫ್ಲೈ ಮೋಡ್. ಮಿಂಚುಹುಳ ಅನ್ನುವ ಹೆಸರು ನನಗೆ ಬಹಳ ಇಷ್ಟ. ಆದರೆ ಹೆಸರು ನಂಬಬೇಡಿ, ಕೆಲವರು 5 ಲ್ಯೂಮೆನ್‌ಗೂ ಮೂನ್‌ಲೈಟ್ ಅಂತಲೇ ಬರೆಯುತ್ತಾರೆ. ಸಂಖ್ಯೆ ನೋಡಿ. ಒಂದಕ್ಕಿಂತ ಕಡಿಮೆ ಇರಲೇಬೇಕು, 0.1ರ ಸುತ್ತ ಇದ್ದರೆ ಒಳ್ಳೆಯದು. ಝೀಬ್ರಾಲೈಟ್‌ನಂಥ ಕೆಲವು ತಯಾರಕರು ತಮ್ಮ ಕಡಿಮೆ ಹಂತಗಳನ್ನು ದಶಮಾಂಶದಲ್ಲಿ ಬರೆದೇ ಕೊಡುತ್ತಾರೆ. ಬರೆಯದಿದ್ದರೆ, ಅಷ್ಟು ಕಡಿಮೆ ಇಲ್ಲ ಅಂತ ತಿಳಿದುಕೊಳ್ಳುವುದೇ ಕ್ಷೇಮ.

ಸಂಖ್ಯೆ ಸಿಕ್ಕ ಮೇಲೆ ನೋಡಬೇಕಾದದ್ದು ಗುಂಡಿ. ನನ್ನ ಪ್ರಕಾರ ಇದು ಸಂಖ್ಯೆಗಿಂತಲೂ ಮುಖ್ಯ. ಆರಿದ್ದ ಟಾರ್ಚನ್ನು ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ನೋಡದೆಯೇ ಒತ್ತಿದರೆ ಅದು ಯಾವ ಹಂತದಲ್ಲಿ ಹೊತ್ತಿಕೊಳ್ಳುತ್ತದೆ? ಅತಿ ಕಡಿಮೆಯಿಂದ ಶುರುವಾಗಿ ಮೇಲಕ್ಕೆ ಹೋಗುವಂಥದ್ದು ಸರಿ. ಹೈ, ಮೀಡಿಯಂ, ಲೋ ಅನ್ನುವ ಕ್ರಮದ್ದನ್ನು ಮುಟ್ಟಬೇಡಿ. ಹಿಂದಿನ ಸಲದ ಹಂತವನ್ನು ನೆನಪಿಟ್ಟುಕೊಳ್ಳುವ ಟಾರ್ಚುಗಳೂ ಇವೆ, ಅವು ನಿಮ್ಮ ನೆನಪಿನ ಮೇಲೆ ನಿಂತಿವೆ. ನೀವು ಅದನ್ನು ಹಿಂದಿನ ಸಲ ಹೈನಲ್ಲಿ ಆರಿಸಿದ್ದು ಮರೆತಿರುತ್ತೀರಿ, ಟಾರ್ಚ್ ಮರೆತಿರುವುದಿಲ್ಲ. ನನಗೆ ಆ ರಾತ್ರಿ ಆದದ್ದು ಇದೇ.

ಈಗ ಹಲವು ಟಾರ್ಚುಗಳಲ್ಲಿ ಆರಿದ್ದಾಗ ಗುಂಡಿಯನ್ನು ಒತ್ತಿ ಹಿಡಿದರೆ ನೇರ ಅತಿ ಕಡಿಮೆ ಹಂತಕ್ಕೆ ಹೋಗುವ ವ್ಯವಸ್ಥೆ ಇದೆ. ಅಂಡುರಿಲ್ ಅನ್ನುವ ಸಾಫ್ಟ್‌ವೇರ್ ಇರುವ ಟಾರ್ಚುಗಳು ಹಾಗೆಯೇ, ಒತ್ತಿ ಹಿಡಿದರೆ ತಳದಿಂದ ಶುರುವಾಗಿ ನಿಧಾನಕ್ಕೆ ಏರುತ್ತವೆ, ಆ ತಳ ಎಷ್ಟಿರಬೇಕು ಅಂತ ನೀವೇ ನಿಗದಿ ಮಾಡಬಹುದು, ಲಾಕ್ ಮಾಡಿಟ್ಟರೂ ಒತ್ತಿ ಹಿಡಿದಷ್ಟು ಹೊತ್ತು ಮಂದ ಬೆಳಕು ಕೊಡುತ್ತವೆ. ತೊಂದರೆ ಏನೆಂದರೆ ಅದೇ ಗುಂಡಿಯನ್ನು ಅವಸರದಲ್ಲಿ ಎರಡು ಸಲ ಒತ್ತಿದರೆ ಕಣ್ಣು ಕುಕ್ಕುವ ಪೂರ್ತಿ ಬೆಳಕು ಬರಬಹುದು. ಹಾಗಾಗಿ ಸೂಕ್ಷ್ಮ ಕೆಲಸಕ್ಕೆ ಸಾವಿರ ಲ್ಯೂಮೆನ್ ಕೊಡಲು ಆಗದೇ ಇರುವ ಸಾಧನವೇ ಒಳ್ಳೆಯದು ಅಂತ ವಾದಿಸುವವರಿದ್ದಾರೆ, ನಾನೂ ಆ ಪಕ್ಷ. ಖಗೋಳ ಹವ್ಯಾಸಿಗಳಲ್ಲಿ ಬಹಳ ಹಿಂದಿನಿಂದ ಓಡಾಡುತ್ತಿರುವ ರೈಜೆಲ್ ಸಿಸ್ಟಮ್ಸ್‌ನ ಸ್ಟಾರ್‌ಲೈಟ್ ಅಂಥದ್ದು: ಕೆಂಪು ಎಲ್‌ಇಡಿ, ಹೆಬ್ಬೆರಳಲ್ಲಿ ತಿರುಗಿಸುವ ಚಕ್ರ, ಒಂದು 9 ವೋಲ್ಟ್ ಬ್ಯಾಟರಿ. ಹಂತ ಗಿಂತ ಏನೂ ಇಲ್ಲ, ರೇಡಿಯೋದ ಸದ್ದು ಏರಿಸಿದ ಹಾಗೆ ಬೆಳಕು ಏರಿಸಿಕೊಳ್ಳಬಹುದು. ಕೀಚೈನಿಗೆ ಹಾಕುವ ಫೋಟಾನ್ ಫ್ರೀಡಮ್ ಅನ್ನುವ ಪುಟ್ಟ ಲೈಟಿನಲ್ಲೂ ಗುಂಡಿ ಒತ್ತಿ ಹಿಡಿದು ಬೆಳಕು ಹೆಚ್ಚು ಕಡಿಮೆ ಮಾಡಬಹುದು, ಕೆಂಪಿನದೂ ಸಿಗುತ್ತದೆ.

ಬೆಳಕು ಹರಡುವ ರೀತಿಯನ್ನೂ ಗಮನಿಸಿ. ನಡುವೆ ಚುಚ್ಚುವ ಚುಕ್ಕೆ ಇರುವ ಟಾರ್ಚ್ ದೂರಕ್ಕೆ ಸರಿ. ಆದರೆ ಹತ್ತಿರದ ಕಾಗದಕ್ಕೆ ಹಿಡಿದರೆ ಇರುವ ಸ್ವಲ್ಪ ಲ್ಯೂಮೆನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗುಂಪಾಗಿ ಕುಕ್ಕುತ್ತದೆ. ಸಮವಾಗಿ ಹರಡುವುದೇ ಬೇಕು. ಬಿಳಿ ಎಲ್‌ಇಡಿ ಆದರೆ ಬೆಚ್ಚನೆಯ ಛಾಯೆ, 2700-3000 ಕೆಲ್ವಿನ್ ಆಸುಪಾಸಿನದು (ಕೆಲ್ವಿನ್ ಇಲ್ಲಿ ಛಾಯೆಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬೆಚ್ಚಗೆ). ಬಿಳಿ ಎಲ್‌ಇಡಿಗಳ ಒಳಗೆ ಸಾಮಾನ್ಯವಾಗಿ ಇರುವುದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಲೇಪ. ತಣ್ಣನೆಯ ಬಿಳಿಯಲ್ಲಿ ಆ ನೀಲಿ ಜಾಸ್ತಿ ಹೊರಬರುತ್ತದೆ, ರಾಡ್‌ಗಳನ್ನು ಜಾಸ್ತಿ ತಟ್ಟುತ್ತದೆ.

ಎಲ್‌ಇಡಿಯನ್ನು ಬಹಳ ಬೇಗ ಬೇಗ ಹಚ್ಚಿ ಆರಿಸಿ ಮಂದ ಮಾಡುವ ಟಾರ್ಚುಗಳಿವೆ. ಕೈ ಬೀಸಿದರೆ ಬೆರಳುಗಳು ತುಂಡು ತುಂಡಾಗಿ ಕಾಣುತ್ತವಲ್ಲ, ಅದು. ಅದರಿಂದ ರಾತ್ರಿ ದೃಷ್ಟಿಗೆ ವಿಶೇಷ ಹಾನಿಯೇನಿಲ್ಲ, ಸರಾಸರಿ ಬೆಳಕೇ ಲೆಕ್ಕ. ಕಿರಿಕಿರಿ ಮಾತ್ರ ನಿಜ.

ಹೊಸದು ಕೊಳ್ಳಲೇಬೇಕು ಅಂತಿಲ್ಲ. ಹಳೆಯ ತಂತಿ ಬಲ್ಬಿನ ಟಾರ್ಚ್ ನೆನಪಿದೆಯಾ, ಸೆಲ್ಲು ಮುಗಿಯುತ್ತಾ ಬಂದಾಗ ಕೆಂಪಗೆ, ಮಂಕಾಗಿ ಉರಿಯುತ್ತಿತ್ತು, ನಾವು ಅದನ್ನು ಬೈದುಕೊಂಡು ತಲೆಗೆ ಎರಡು ತಟ್ಟುತ್ತಿದ್ದೆವು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಹೇಳಿ ಮಾಡಿಸಿದ ಬೆಳಕು ಅದು! ಎಲ್‌ಇಡಿ ಟಾರ್ಚಿಗೆ ಆ ಗುಣ ಇಲ್ಲ, ಹಾಗಾಗಿ ಗಾಜಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಸೂಜಿಯಲ್ಲಿ ಒಂದು ತೂತು ಮಾಡಿ. ಸಾಲದಿದ್ದರೆ ಇನ್ನೊಂದು ತೂತು. ಜೋರು ಹಂತದಲ್ಲಿ ಮಾತ್ರ ಹಚ್ಚಬೇಡಿ, ಟೇಪ್ ಬಿಸಿಯಾಗಿ ಕರಗುತ್ತದೆ. ಕೆಂಪು ಬೇಕಿದ್ದರೆ ಕೆಂಪು ಜಿಲೆಟಿನ್ ಕಾಗದ ಹಾಕಬಹುದು, ಆದರೆ ಒಂದು ಪದರದಲ್ಲಿ ಬೇರೆ ಬಣ್ಣಗಳೂ ಸೋರುತ್ತವೆ, ಮೂರು ನಾಲ್ಕು ಪದರ ಬೇಕು. ಸೋರುತ್ತಿದೆಯೇ ಅಂತ ನೋಡಲು ಹಳೆಯ ಸಿಡಿಯೊಂದರ ಹಿಂಭಾಗದಲ್ಲಿ ಆ ಬೆಳಕಿನ ಪ್ರತಿಬಿಂಬ ನೋಡಿ, ಕಾಮನಬಿಲ್ಲಿನಲ್ಲಿ ಹಸಿರು ನೀಲಿ ಕಂಡರೆ ಇನ್ನೂ ಒಂದು ಪದರ.

ಕೈಯಲ್ಲಿ ಏನೂ ಇಲ್ಲದಿದ್ದರೆ ಕೈಯೇ ಇದೆ. ಟಾರ್ಚಿನ ಬಾಯಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ ಆಮೇಲೆ ಒತ್ತಿ. ಬೆರಳೊಳಗಿನ ರಕ್ತ ನೀಲಿ ಹಸಿರನ್ನು ಹೀರಿಕೊಂಡು ಕೆಂಪನ್ನು ಮಾತ್ರ ಬಿಡುತ್ತದೆ, ಹೊರಬರುವುದು ಮಂದವಾದ ಕೆಂಪು. ಮೊದಲು ಮುಚ್ಚಿ, ಆಮೇಲೆ ಒತ್ತುವುದು, ಈ ಕ್ರಮ ತಪ್ಪಬಾರದು. ಫೋನಿನ ಟಾರ್ಚಿಗೂ ಇದು ನಡೆಯುತ್ತದೆ, ಆದರೆ ಅದನ್ನು ಹಚ್ಚಲು ಮೊದಲು ಪರದೆ ಬೆಳಗಿಸಬೇಕು, ಅಲ್ಲೇ ಅರ್ಧ ಕೆಲಸ ಕೆಟ್ಟಿರುತ್ತದೆ.

ಜೋರು ಬೆಳಕು ತಪ್ಪಿಸಲು ಆಗದೇ ಹೋದಾಗ ಒಂದು ಕಣ್ಣು ಮುಚ್ಚಿಕೊಳ್ಳಿ, ಎರಡು ಕಣ್ಣಿನ ರೆಟಿನಾಗಳೂ ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಹೊಂದಿಕೊಳ್ಳುತ್ತವೆ. ಮಂಕಾದದ್ದನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ. ನಾವು ನೇರ ನೋಡುವ ನಡುಬಿಂದುವಿನಲ್ಲಿ ರಾಡ್‌ಗಳೇ ಇಲ್ಲ, ಅವು ಹೆಚ್ಚು ದಟ್ಟವಾಗಿರುವುದು ಅದರಿಂದ 15-20 ಡಿಗ್ರಿ ಆಚೆ.

ಕೊಂಡ ಟಾರ್ಚನ್ನು ಅಂಗಡಿಯ ಬೆಳಕಿನಲ್ಲಿ ಪರೀಕ್ಷಿಸಿ ಏನೂ ಪ್ರಯೋಜನವಿಲ್ಲ. ಪೂರ್ತಿ ಕತ್ತಲು ಮಾಡಿದ ಕೋಣೆಯಲ್ಲಿ ಅರ್ಧ ಗಂಟೆ ಕೂತು, ಕಿಟಕಿಯ ಅಂಚೋ ಬೀರುವಿನ ಆಕಾರವೋ ಮಸುಕಾಗಿ ಕಾಣತೊಡಗಿದ ಮೇಲೆ, ಟಾರ್ಚಿನಲ್ಲಿ ಒಂದು ಪ್ಯಾರಾ ಓದಿ ಆರಿಸಿ. ಆ ಬೀರು ಕೂಡಲೇ ಮತ್ತೆ ಕಂಡರೆ ಟಾರ್ಚ್ ಪಾಸು. ಮಾಯವಾಗಿದ್ದರೆ ಇನ್ನೊಂದು ಪದರ ಟೇಪ್. ನಾನು ಹೀಗೆ ಕೂತಾಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿದ್ದದ್ದು: ಅಷ್ಟೆಲ್ಲ ಹುಡುಕಿ ತಂದ ಟಾರ್ಚಿನ ಗುಂಡಿಯ ಸುತ್ತ, ಕತ್ತಲಲ್ಲಿ ಗುಂಡಿ ಸಿಗಲಿ ಅಂತ ತಯಾರಕರು ಇಟ್ಟ ಪುಟ್ಟ ನೀಲಿ ದೀಪವೊಂದು, ಟಾರ್ಚ್ ಆರಿದ್ದಾಗಲೂ, ಅದರ ಮಿಂಚುಹುಳ ಹಂತಕ್ಕಿಂತ ಜೋರಾಗಿ ಉರಿಯುತ್ತಿತ್ತು. ಅದಕ್ಕೂ ಒಂದು ಚೂರು ಕಪ್ಪು ಟೇಪ್ ಅಂಟಿಸಿದೆ.